ಕುಶಿಂಗ್ ಕಂಡ ದುಂಡು ಮುಖ, ನೂರು ವರ್ಷದ ಬಳಿಕ ಮಾತಾಡಿದ ಜೀನ್

ಬೆಳಿಗ್ಗೆ ಕನ್ನಡಿ ನೋಡಿದಾಗ ಮುಖ ಸ್ವಲ್ಪ ಊದಿಕೊಂಡಂತಿದೆಯೇ? ಅದು ‘ಕಾರ್ಟಿಸಾಲ್ ಫೇಸ್’ ಎಂದು ಹೇಳುವ ರೀಲ್ ನಿಮ್ಮ ಫೋನಿಗೂ ಬಂದಿರಬಹುದು. ಟೆನ್ಷನ್ ಜಾಸ್ತಿಯಾಗಿ ಕಾರ್ಟಿಸಾಲ್ ಏರಿದೆ, ಅದಕ್ಕೇ ಮುಖ ದುಂಡಗಾಗಿದೆ, ಇಂಥದ್ದೊಂದು ಪಾನೀಯ ಕುಡಿದರೆ ವಾರದಲ್ಲಿ ಸರಿಹೋಗುತ್ತದೆ ಎನ್ನುವುದು ಇಂಥ ರೀಲ್‌ಗಳ ಸಾರಾಂಶ.

ಇದರಲ್ಲಿ ಒಂದು ಚೂರು ಮಾತ್ರ ನಿಜ. ಕಾರ್ಟಿಸಾಲ್ ಎಂಬ ಹಾರ್ಮೋನು ತಿಂಗಳುಗಟ್ಟಲೆ ವಿಪರೀತ ಏರಿದರೆ ಮುಖ ನಿಜಕ್ಕೂ ಚಂದ್ರನ ಹಾಗೆ ದುಂಡಗಾಗುತ್ತದೆ. ಆದರೆ ಅದು ಆಫೀಸಿನ ಟೆನ್ಷನ್‌ನಿಂದಲೋ ನಿದ್ದೆಗೆಟ್ಟ ಒಂದು ರಾತ್ರಿಯಿಂದಲೋ ಬರುವಂಥದ್ದಲ್ಲ. ಅದು ಒಂದು ಕಾಯಿಲೆ. ಅದಕ್ಕೊಂದು ಹೆಸರಿದೆ: ಕುಶಿಂಗ್ ಸಿಂಡ್ರೋಮ್.

ಹೆಸರು ಬಂದದ್ದು ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರಿಂದ. ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಒಂದು ಪ್ರತ್ಯೇಕ ವಿಭಾಗವಾಗಿ ಬೆಳೆಸಿದವರಲ್ಲಿ ಮೊದಲಿಗರು. ಈ ಕಾಯಿಲೆಯನ್ನು ಗುರುತಿಸಿದವರೂ ಅವರೇ, ಕಾರಣ ಹೇಳಿದವರೂ ಅವರೇ. ಆದರೆ ಅವರು ಹೇಳಿದ ಕಾರಣ ಪೂರ್ತಿ ಕಥೆಯಾಗಿರಲಿಲ್ಲ. ಉಳಿದ ಒಂದು ತುಣುಕು ಅವರು ತೀರಿಕೊಂಡು ದಶಕಗಳಾದ ಮೇಲೆ ಒಂದು ಜೀನ್‌ನಲ್ಲಿ ಸಿಕ್ಕಿತು. ಅಚ್ಚರಿ ಏನೆಂದರೆ, ಆ ತುಣುಕಿನ ಸುಳಿವು ಕುಶಿಂಗ್ ಅವರೇ ಜೋಪಾನವಾಗಿಟ್ಟಿದ್ದ ಗಾಜಿನ ಜಾಡಿಗಳಲ್ಲೂ ಇತ್ತು.

ಮೊದಲ ಪಾಠ: ಒಂದು ಸಾವು

ಹಾರ್ವೆ ಕುಶಿಂಗ್ ಹುಟ್ಟಿದ್ದು 1869ರ ಏಪ್ರಿಲ್ 8ರಂದು, ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ಅಪ್ಪ ಡಾಕ್ಟರ್, ತಾತ ಡಾಕ್ಟರ್, ಮುತ್ತಾತನೂ ಡಾಕ್ಟರ್. ಹುಡುಗ ಬೇರೆ ದಾರಿ ಹಿಡಿಯುತ್ತಾನೆಂದು ಯಾರೂ ಅಂದುಕೊಂಡಿರಲಿಕ್ಕಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬೇಸ್‌ಬಾಲ್ ಹುಚ್ಚು. 1891ರಲ್ಲಿ ಪದವಿ ಮುಗಿಸಿ ಹಾರ್ವರ್ಡ್ ವೈದ್ಯಕೀಯ ಕಾಲೇಜು ಸೇರಿದರು.

ಆ ಕಾಲದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಕೆಲಸ ಹೆಚ್ಚಾಗಿ ವಿದ್ಯಾರ್ಥಿಗಳ ಪಾಲಿಗೆ ಬರುತ್ತಿತ್ತು. ಅದಕ್ಕೆ ಸರಿಯಾದ ತರಬೇತಿಯೂ ಇರಲಿಲ್ಲ. ಒಂದು ದಿನ ಕುಶಿಂಗ್ ಈಥರ್ ಕೊಡುತ್ತಿದ್ದಾಗಲೇ ರೋಗಿ ತೀರಿಕೊಂಡರು. ಯುವಕ ಕುಸಿದುಹೋದರು. ವೈದ್ಯಕೀಯವನ್ನೇ ಬಿಟ್ಟುಬಿಡುವ ಯೋಚನೆಯೂ ಬಂತು.

ಬಿಡಲಿಲ್ಲ. ಬದಲಿಗೆ ಸಹಪಾಠಿ ಅರ್ನೆಸ್ಟ್ ಅಮೊರಿ ಕಾಡ್ಮನ್ ಜೊತೆ ಸೇರಿ ಒಂದು ಸರಳ ಕೆಲಸ ಶುರುಮಾಡಿದರು. ರೋಗಿ ಮೇಜಿನ ಮೇಲಿರುವಷ್ಟು ಹೊತ್ತೂ ನಾಡಿ ಬಡಿತ, ಉಸಿರಾಟ ಎಷ್ಟಿದೆ ಎಂದು ಆಗಾಗ ಕಾಗದದ ಮೇಲೆ ಗುರುತು ಹಾಕುತ್ತ ಹೋಗುವುದು. ಇದೇ ‘ಈಥರ್ ಚಾರ್ಟ್’. ಇವತ್ತು ಯಾವುದೇ ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ತಜ್ಞರು ತುಂಬುವ ದಾಖಲೆಗೆ ಇದು ಪೂರ್ವಜ. ಗೊತ್ತಾಗದ್ದನ್ನು ಮರೆಯುವುದಲ್ಲ, ಬರೆದಿಡುವುದು ಎಂಬ ಈ ಅಭ್ಯಾಸ ಅವರನ್ನು ಕೊನೆತನಕ ಬಿಡಲಿಲ್ಲ.

ಇಟಲಿಯಿಂದ ತಂದ ಬಿಪಿ ಪಟ್ಟಿ

1895ರಲ್ಲಿ ಡಾಕ್ಟರ್ ಆದ ಕುಶಿಂಗ್ ಮರುವರ್ಷ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದರು. ಅಲ್ಲಿ ಗುರು ವಿಲಿಯಂ ಹಾಲ್‌ಸ್ಟೆಡ್. ಅವಸರವಿಲ್ಲದೆ, ರಕ್ತ ಸೋರದಂತೆ, ಒಂದೊಂದು ಪದರವನ್ನೂ ನಾಜೂಕಾಗಿ ಬಿಡಿಸುವ ವಿಧಾನಕ್ಕೆ ಹೆಸರಾದವರು. ಬೇಗ ಕೊಯ್ದು ಮುಗಿಸುವವನೇ ದೊಡ್ಡ ಸರ್ಜನ್ ಎಂದು ಜನ ತಿಳಿದಿದ್ದ ಕಾಲದಲ್ಲಿ ಇದು ಹೊಸದು.

1900ರಲ್ಲಿ ಕುಶಿಂಗ್ ಯುರೋಪಿಗೆ ಹೊರಟರು. ಸ್ವಿಟ್ಜರ್ಲೆಂಡಿನಲ್ಲಿ ಥಿಯೊಡರ್ ಕೋಚರ್, ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಶೆರಿಂಗ್ಟನ್ ಅವರೊಂದಿಗೆ ಕೆಲಸ ಮಾಡಿದರು. ತಲೆಬುರುಡೆಯೊಳಗೆ ಒತ್ತಡ ಏರಿದಾಗ ದೇಹದ ರಕ್ತದೊತ್ತಡವೂ ಏರುತ್ತದೆ ಎಂಬುದನ್ನು ಪ್ರಯೋಗಗಳಲ್ಲಿ ತೋರಿಸಿದ್ದು ಈ ಪ್ರವಾಸದಲ್ಲೇ. ಇದನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಕುಶಿಂಗ್ ಪ್ರತಿಕ್ರಿಯೆ ಎಂದೇ ಓದುತ್ತಾರೆ.

1901ರಲ್ಲಿ ಇಟಲಿಯ ಪಾವಿಯಾದ ಆಸ್ಪತ್ರೆಯೊಂದರಲ್ಲಿ ಅವರು ಹೊಸ ಸಾಧನವೊಂದನ್ನು ನೋಡಿದರು. ತೋಳಿಗೆ ರಬ್ಬರ್ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಕೊಳವೆಯಲ್ಲಿ ರಕ್ತದೊತ್ತಡ ಅಳೆಯುವ ಸಾಧನ. ರೂಪಿಸಿದವರು ಶಿಪಿಯೋನೆ ರಿವಾ-ರೊಚ್ಚಿ. ಕುಶಿಂಗ್ ಅದನ್ನು ಅಮೆರಿಕಕ್ಕೆ ತಂದು ಬಳಕೆಗೆ ಹಚ್ಚಿದರು. ನಾಡಿಯ ಮೇಲೆ ಬೆರಳಿಟ್ಟು ಅಂದಾಜು ಮಾಡಿದರೆ ಸಾಕು, ಇದೆಲ್ಲ ಯಾಕೆ ಎನ್ನುವ ವೈದ್ಯರು ಆಗಲೂ ಇದ್ದರು. ಈಗ ಅದೇ ಪಟ್ಟಿ ನಮ್ಮ ಓಣಿಯ ಕ್ಲಿನಿಕ್‌ನಲ್ಲೂ ಇದೆ.

ಬಾಗಿಲು ತೆರೆಯಲು ಎಲ್ಲರೂ ಹೆದರುತ್ತಿದ್ದ ಕೋಣೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿದುಳಿನ ಗಡ್ಡೆ ಎಂದರೆ ಬಹುತೇಕ ಸಾವಿನ ಚೀಟಿ. ಸ್ಕ್ಯಾನ್ ಇಲ್ಲ, ಆಂಟಿಬಯೋಟಿಕ್ ಇಲ್ಲ, ರಕ್ತ ಸೋರಿಕೆ ನಿಲ್ಲಿಸುವ ಉಪಾಯ ಕಡಿಮೆ. ಕುಶಿಂಗ್ ಈ ಕಷ್ಟಗಳನ್ನು ಒಂದೊಂದಾಗಿ ಹಿಡಿದರು. ರಕ್ತನಾಳ ಹಿಡಿದು ನಿಲ್ಲಿಸಲು ಪುಟ್ಟ ಬೆಳ್ಳಿಯ ಕ್ಲಿಪ್‌ಗಳನ್ನು ತಂದರು. 1926ರಲ್ಲಿ ಭೌತವಿಜ್ಞಾನಿ ವಿಲಿಯಂ ಬೋವಿ ಜೊತೆಗೂಡಿ ವಿದ್ಯುತ್ತಿನಿಂದ ಅಂಗಾಂಶ ಕೊಯ್ಯುವ, ರಕ್ತ ಹೆಪ್ಪುಗಟ್ಟಿಸುವ ಸಾಧನವನ್ನು ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ಹಿಂದೆ ಕೈಬಿಟ್ಟಿದ್ದ ಗಡ್ಡೆಗಳನ್ನೂ ಮತ್ತೆ ತೆಗೆಯಲು ಧೈರ್ಯ ಬಂದದ್ದು ಆಮೇಲೆಯೇ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದರು. ತಲೆಗೆ ಗುಂಡು, ಚೂರು ಹೊಕ್ಕ ಸೈನಿಕರ ಸಾಲು ಸಾಲು. 1917ರಲ್ಲಿ ಕೆಲವೇ ತಿಂಗಳಲ್ಲಿ ಇಂಥ ಶಸ್ತ್ರಚಿಕಿತ್ಸೆಗಳ ಸಾವಿನ ಪ್ರಮಾಣ ನೂರಕ್ಕೆ 50ಕ್ಕಿಂತ ಹೆಚ್ಚಿದ್ದದ್ದು 30ರ ಕೆಳಗೆ ಇಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, ತಮ್ಮ ಆತ್ಮೀಯ ಹಿರಿಯ ವಿಲಿಯಂ ಆಸ್ಲರ್ ಅವರ ಒಬ್ಬನೇ ಮಗ ರೆವೀರ್ ಗಾಯಗೊಂಡು ಬಂದಾಗ ಕುಶಿಂಗ್ ಪಕ್ಕದಲ್ಲೇ ಇದ್ದರು. ಹುಡುಗ ಉಳಿಯಲಿಲ್ಲ. ಮುಂದೆ ಅವರು ಬರೆದ ಆಸ್ಲರ್ ಜೀವನಚರಿತ್ರೆಗೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಅದೇ 1926ರ ಜೂನ್‌ನಲ್ಲಿ ಅವರ ಹಿರಿಯ ಮಗ ವಿಲಿಯಂ ಕಾರು ಅಪಘಾತದಲ್ಲಿ ತೀರಿಕೊಂಡ. ಸುದ್ದಿ ಬಂದ ದಿನವೂ ಕುಶಿಂಗ್ ಆಸ್ಪತ್ರೆಗೆ ಹೋಗಿ ಮೊದಲೇ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆ ಮುಗಿಸಿದರು. ಇದನ್ನು ಕರ್ತವ್ಯನಿಷ್ಠೆ ಎನ್ನುವವರಿದ್ದಾರೆ, ಕಲ್ಲು ಮನಸ್ಸು ಎನ್ನುವವರೂ ಇದ್ದಾರೆ. ಸಹಾಯಕರ ಮೇಲೆ ಕಠೋರ, ಮನೆಗೆ ಅಪರೂಪದ ಅತಿಥಿ ಎಂಬುದು ಅವರ ಬಗ್ಗೆ ಬರೆದವರೆಲ್ಲ ಒಪ್ಪುವ ಮಾತು. ಐದು ಮಕ್ಕಳನ್ನು ಬೆಳೆಸಿದ ಭಾರ ಹೆಚ್ಚಾಗಿ ಹೆಂಡತಿ ಕ್ಯಾಥರೀನ್ ಅವರದೇ ಆಗಿತ್ತು.

1931ರ ಏಪ್ರಿಲ್‌ನಲ್ಲಿ ಅವರು ತಮ್ಮ 2000ನೇ ಮಿದುಳು ಗಡ್ಡೆಯ ಶಸ್ತ್ರಚಿಕಿತ್ಸೆ ಮಾಡಿದರು. ಆ ಹೊತ್ತಿಗೆ ಅವರ ಕೈಯಲ್ಲಿ ಸಾವಿನ ಪ್ರಮಾಣ ನೂರಕ್ಕೆ ಸುಮಾರು 10ಕ್ಕೆ ಇಳಿದಿತ್ತು.

1910ರಲ್ಲಿ ಬಂದ ಮಿನ್ನಿ ಜಿ.

ಈಗ ಸ್ವಲ್ಪ ಹಿಂದೆ ಹೋಗೋಣ. 1910ರ ಡಿಸೆಂಬರ್. ಬಾಲ್ಟಿಮೋರ್‌ನ ಆಸ್ಪತ್ರೆಗೆ 23 ವರ್ಷದ ಯುವತಿಯೊಬ್ಬಳು ಬಂದಳು. ರಷ್ಯಾದಿಂದ ಬಂದ ಯಹೂದಿ ಕುಟುಂಬದವಳು. ದಾಖಲೆಗಳಲ್ಲಿ ಅವಳ ಹೆಸರು ಮಿನ್ನಿ ಜಿ. ಎಂದಷ್ಟೇ.

ಮುಖ ದುಂಡಗಾಗಿತ್ತು. ಹೊಟ್ಟೆ, ಬೆನ್ನಿನ ಮೇಲ್ಭಾಗದಲ್ಲಿ ಕೊಬ್ಬು ತುಂಬಿತ್ತು, ಆದರೆ ಕೈಕಾಲಿನಲ್ಲಿ ಬಲವಿರಲಿಲ್ಲ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು. ಮುಖದ ಮೇಲೆ ಕೂದಲು. ಮುಟ್ಟು ನಿಂತುಹೋಗಿತ್ತು. ತಲೆನೋವು, ಬೆನ್ನುನೋವು ಬೇರೆ.

ಇಂಥ ಹೆಣ್ಣುಮಗಳನ್ನು ಇವತ್ತಿಗೂ ಸುತ್ತಲಿನವರು ಹೇಗೆ ನೋಡುತ್ತಾರೆಂದು ನಮಗೆ ಗೊತ್ತು. ತಿಂದು ದಪ್ಪಗಾಗಿದ್ದಾಳೆ, ಮೈಗಳ್ಳಿ, ಏನೋ ಮುಚ್ಚಿಡುತ್ತಿದ್ದಾಳೆ. ಕುಶಿಂಗ್ ಈ ಲಕ್ಷಣಗಳನ್ನೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಗುರುತುಗಳೆಂದು ನೋಡಿದರು. ಯಾವುದೋ ಗ್ರಂಥಿ ಹದ ತಪ್ಪಿದೆ ಎಂದು ಅವರಿಗೆ ಅನಿಸಿತು. ಯಾವ ಗ್ರಂಥಿ ಎಂಬುದು ಆಗ ಖಚಿತವಿರಲಿಲ್ಲ. 1912ರಲ್ಲಿ ಪಿಟ್ಯುಟರಿ ಗ್ರಂಥಿಯ ಕಾಯಿಲೆಗಳ ಕುರಿತು ತಂದ ಪುಸ್ತಕದಲ್ಲಿ ಅವಳ ವಿವರವನ್ನು ಸೇರಿಸಿದರು, ಪ್ರಶ್ನೆಯನ್ನು ತೆರೆದೇ ಇಟ್ಟರು.

ಪಿಟ್ಯುಟರಿ ಎಂದರೆ ಮಿದುಳಿನ ತಳದಲ್ಲಿ ಕಡಲೆಕಾಳಿನಷ್ಟು ಗಾತ್ರದ ಗ್ರಂಥಿ. ಗಾತ್ರ ಸಣ್ಣದು, ಅಧಿಕಾರ ದೊಡ್ಡದು. ಥೈರಾಯ್ಡ್, ಅಡ್ರಿನಲ್, ಅಂಡಾಶಯ ಹೀಗೆ ಹಲವು ಗ್ರಂಥಿಗಳಿಗೆ ಆದೇಶ ಹೋಗುವುದು ಇಲ್ಲಿಂದ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುವುದೂ ಪಿಟ್ಯುಟರಿಯ ಆದೇಶದಂತೆಯೇ.

ಇಪ್ಪತ್ತು ವರ್ಷ ಕುಶಿಂಗ್ ಇಂಥದ್ದೇ ರೋಗಿಗಳ ವಿವರ ಕೂಡಿಸಿದರು. 1932ರಲ್ಲಿ, 63ನೇ ವಯಸ್ಸಿನಲ್ಲಿ, ಒಟ್ಟು 12 ರೋಗಿಗಳ ವಿವರದೊಂದಿಗೆ ಪ್ರಬಂಧ ಪ್ರಕಟಿಸಿದರು. ಪಿಟ್ಯುಟರಿಯಲ್ಲಿ ಹುಟ್ಟುವ ಪುಟ್ಟ ಗಡ್ಡೆಯೇ ಇದಕ್ಕೆ ಕಾರಣ ಎಂಬುದು ಅವರ ವಾದ. ಹನ್ನೆರಡೂ ಜನರಲ್ಲಿ ಆ ಗಡ್ಡೆಯನ್ನು ಕಣ್ಣಾರೆ ಕಂಡದ್ದೇನಲ್ಲ. ಮಿನ್ನಿ ಜಿ. ಆಗಲೂ ಬದುಕಿದ್ದಳು. ಅವಳ ತಲೆಬುರುಡೆಯ ಒತ್ತಡ ಇಳಿಸಲು ಶಸ್ತ್ರಚಿಕಿತ್ಸೆ ಆಗಿತ್ತೇ ಹೊರತು ಪಿಟ್ಯುಟರಿಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅವಳ ಕಾಯಿಲೆ ಮುಂದುವರಿಯದೆ ನಿಂತಿತ್ತು.

ಕುಶಿಂಗ್ ಹೇಳಿದ್ದು ಬಹುಪಾಲು ಸರಿಯೆಂದು ಕಾಲ ತೋರಿಸಿತು. ದೇಹದೊಳಗಿನ ಕಾರಣದಿಂದಲೇ ಕಾರ್ಟಿಸಾಲ್ ಏರಿದ ಹತ್ತು ಜನರಲ್ಲಿ ಸುಮಾರು ಏಳು ಜನರಿಗೆ ಪಿಟ್ಯುಟರಿ ಗಡ್ಡೆಯೇ ಕಾರಣ. ಇದನ್ನು ‘ಕುಶಿಂಗ್ ಡಿಸೀಸ್’ ಎನ್ನುತ್ತಾರೆ. ಕಾರಣ ಏನೇ ಇರಲಿ, ಒಟ್ಟು ಲಕ್ಷಣಗಳ ಗುಂಪಿಗೆ ‘ಕುಶಿಂಗ್ ಸಿಂಡ್ರೋಮ್’ ಎಂದು ಹೆಸರು.

ಹಾಗಾದರೆ ಉಳಿದ ಮೂವರ ಕಥೆ?

ಆದೇಶವಿಲ್ಲದೆ ಕೆಲಸ ಮಾಡುವ ಗ್ರಂಥಿ

ಕೆಲವರಲ್ಲಿ ಪಿಟ್ಯುಟರಿ ಸರಿಯಾಗಿಯೇ ಇರುತ್ತದೆ. ಆದೇಶ ಕೊಡುವುದನ್ನೂ ನಿಲ್ಲಿಸಿರುತ್ತದೆ. ಆದರೂ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತಲೇ ಇರುತ್ತದೆ. ಇದಕ್ಕೂ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದನ್ನು ಅರ್ಥಮಾಡಿಕೊಳ್ಳಲು ಜೀವಕೋಶದ ಒಳಗೆ ಇಳಿಯಬೇಕು.

ಪಿಟ್ಯುಟರಿಯ ಆದೇಶ ರಕ್ತದಲ್ಲಿ ಹರಿದು ಅಡ್ರಿನಲ್ ಕೋಶದ ಹೊರಬಾಗಿಲಿಗೆ ಬರುತ್ತದೆ. ಅದು ಒಳಗೆ ಹೋಗುವುದಿಲ್ಲ. ಬಾಗಿಲು ತಟ್ಟಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣು ತಯಾರಾಗುತ್ತದೆ. ಸುದ್ದಿ ಮುಟ್ಟಿಸುವ ಹುಡುಗ ಇದ್ದಂತೆ. ಇದನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಂತು. ಈ ಅಣು ಸುದ್ದಿ ಮುಟ್ಟಿಸುವುದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವಕ್ಕೆ. ಈ ಕಿಣ್ವ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಹಾಗೆ ಅಂಟಿಸಿದಾಗ ಅವು ಎಚ್ಚರಗೊಂಡು ಕಾರ್ಟಿಸಾಲ್ ತಯಾರಿಕೆ ಶುರುವಾಗುತ್ತದೆ.

ಈ ಕಿಣ್ವ ನಾಲ್ಕು ತುಂಡುಗಳ ಜೋಡಣೆ. ಎರಡು ತುಂಡು ಕೆಲಸ ಮಾಡುವಂಥವು. ಇನ್ನೆರಡು ಅವನ್ನು ಹಿಡಿದಿಡುವಂಥವು. ಎರಡು ಹೋರಿಗಳು, ಅವುಗಳ ಮೂಗುದಾರ ಹಿಡಿದು ನಿಂತ ಇಬ್ಬರು ರೈತರು ಎಂದುಕೊಳ್ಳಿ. ಸುದ್ದಿಯ ಅಣು ಬಂದು ರೈತರನ್ನು ಮುಟ್ಟಿದಾಗ ಅವರು ಮೂಗುದಾರ ಬಿಡುತ್ತಾರೆ, ಹೋರಿಗಳು ಕೆಲಸಕ್ಕೆ ಹೊರಡುತ್ತವೆ. ಸುದ್ದಿ ನಿಂತಾಗ ರೈತರು ಮತ್ತೆ ಹಿಡಿಯುತ್ತಾರೆ, ಕೆಲಸ ನಿಲ್ಲುತ್ತದೆ. ಆರೋಗ್ಯವೆಂದರೆ ಹೋರಿಗಳ ಬಲ ಮಾತ್ರವಲ್ಲ, ಹೊತ್ತಿಗೆ ಸರಿಯಾಗಿ ಮೂಗುದಾರ ಹಿಡಿಯುವ ಕೈಯೂ ಹೌದು.

ಆ ಹಿಡಿಯುವ ಕೈಯನ್ನು ತಯಾರಿಸುವ ಜೀನ್‌ಗಳಲ್ಲಿ ಒಂದರ ಹೆಸರು ಪಿಆರ್‌ಕೆಎಆರ್1ಎ. ನಮ್ಮ 17ನೇ ವರ್ಣತಂತುವಿನ ಉದ್ದನೆಯ ತೋಳಿನಲ್ಲಿ ಇದರ ಜಾಗ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಎಲ್ಲರಲ್ಲೂ ಎರಡು ಪ್ರತಿ ಇರುತ್ತವೆ. ಒಂದು ಪ್ರತಿಯಲ್ಲಿ ಅಕ್ಷರದೋಷವಾದರೆ ಹಿಡಿಯುವ ಕೈಗಳು ಕಡಿಮೆಯಾಗುತ್ತವೆ. ಮೂಗುದಾರವಿಲ್ಲದ ಹೋರಿಗಳು ಆದೇಶಕ್ಕೆ ಕಾಯುವುದಿಲ್ಲ. ಅಡ್ರಿನಲ್ ಗ್ರಂಥಿಯಲ್ಲಿ ಪುಟ್ಟ ಪುಟ್ಟ ಕಪ್ಪು ಗಂಟುಗಳು ಬೆಳೆಯುತ್ತವೆ, ಅವು ತಮ್ಮಷ್ಟಕ್ಕೇ ಕಾರ್ಟಿಸಾಲ್ ಸುರಿಸುತ್ತವೆ.

ಈ ದೋಷ ಅಡ್ರಿನಲ್‌ಗಷ್ಟೇ ಸೀಮಿತವಲ್ಲ. ತುಟಿ, ಕಣ್ಣಿನ ಸುತ್ತ ಕಂದು-ಕಪ್ಪು ಚುಕ್ಕೆಗಳು, ಹೃದಯದೊಳಗೆ ಮಿಕ್ಸೋಮಾ ಎಂಬ ಮೆತ್ತನೆಯ ಗಡ್ಡೆ, ಪಿಟ್ಯುಟರಿ ಮತ್ತು ಥೈರಾಯ್ಡ್ ಗಡ್ಡೆಗಳು ಒಂದೇ ಕುಟುಂಬದಲ್ಲಿ ಕಾಣಿಸಿಕೊಳ್ಳಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಜೆ. ಏಡನ್ ಕಾರ್ನಿ 1985ರಲ್ಲಿ ಇವೆಲ್ಲ ಒಂದೇ ಬೇರಿನ ಕೊಂಬೆಗಳು ಎಂದು ಗುರುತಿಸಿದರು. ಅದಕ್ಕೇ ಇದು ‘ಕಾರ್ನಿ ಕಾಂಪ್ಲೆಕ್ಸ್’. ಇದರ ಹಿಂದೆ ಪಿಆರ್‌ಕೆಎಆರ್1ಎ ಜೀನ್ ಇದೆ ಎಂದು ಗೊತ್ತಾದದ್ದು 2000ನೇ ಇಸವಿಯಲ್ಲಿ.

ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ನೂರಕ್ಕೆ 50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಹೆತ್ತವರಲ್ಲಿ ಇಲ್ಲದೆಯೂ ಕೆಲವರಲ್ಲಿ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಇದು ಯಾರ ಶಾಪವೂ ಅಲ್ಲ, ತಾಯಿ ಬಸುರಿಯಲ್ಲಿ ಮಾಡಿದ ತಪ್ಪಿನ ಫಲವೂ ಅಲ್ಲ.

ಜಾಡಿಯಲ್ಲಿ ಕಾದಿದ್ದ ಉತ್ತರ

ಕುಶಿಂಗ್ ಈ ಜೀನ್‌ನ ಹೆಸರು ಕೇಳುವ ಸಾಧ್ಯತೆಯೇ ಇರಲಿಲ್ಲ. ಡಿಎನ್‌ಎ ಆಕಾರ ಗೊತ್ತಾದದ್ದು 1953ರಲ್ಲಿ. ಅವರು 1939ರ ಅಕ್ಟೋಬರ್ 7ರಂದು ನ್ಯೂ ಹೇವನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಬಹುಕಾಲ ಸಿಗರೇಟು ಸೇದಿ ಕಾಲಿನ ರಕ್ತನಾಳಗಳೂ ಹಾಳಾಗಿದ್ದವು. ಶವಪರೀಕ್ಷೆಯಲ್ಲಿ ಅವರ ಮಿದುಳಿನಲ್ಲೇ ಒಂದು ಪುಟ್ಟ ನಿರುಪದ್ರವಿ ಗಡ್ಡೆ ಸಿಕ್ಕಿತು. ಎರಡು ಸಾವಿರಕ್ಕೂ ಹೆಚ್ಚು ಜನರ ತಲೆಯಲ್ಲಿ ಗಡ್ಡೆ ಹುಡುಕಿದವರಿಗೆ ತಮ್ಮದರ ಸುಳಿವೇ ಇರಲಿಲ್ಲ.

ಆದರೆ ಅವರು ಬಿಟ್ಟುಹೋದ ಆಸ್ತಿ ಬೇರೆಯೇ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳು, ತೀರಿಕೊಂಡ ರೋಗಿಗಳ ಮಿದುಳುಗಳು, ಗಾಜಿನ ಸ್ಲೈಡುಗಳು, ರೋಗಿಗಳ ಸಾವಿರಾರು ಫೋಟೊಗಳು, ತಾವೇ ಬಿಡಿಸಿದ ಚಿತ್ರಗಳು, ಕೇಸ್ ದಾಖಲೆಗಳು. ಡಿಸ್ಚಾರ್ಜ್ ಆದ ರೋಗಿಗಳಿಗೆ ವರ್ಷ ವರ್ಷವೂ ಪತ್ರ ಬರೆದು ಹೇಗಿದ್ದೀರಿ ಎಂದು ಕೇಳುವ ಪದ್ಧತಿ ಅವರದು. ಇದನ್ನೆಲ್ಲ ಒಪ್ಪಮಾಡಿ ಕಾಯ್ದವರು ಲೂಯಿಸ್ ಐಸೆನ್‌ಹಾರ್ಟ್. ಕುಶಿಂಗ್ ಅವರ ಕಾರ್ಯದರ್ಶಿಯಾಗಿ ಸೇರಿ, ಮುಂದೆ ವೈದ್ಯಕೀಯ ಓದಿ, ಮಿದುಳು ಗಡ್ಡೆಗಳ ದೊಡ್ಡ ತಜ್ಞೆಯಾದವರು. ಕುಶಿಂಗ್ ಹೆಸರಿನ ಹಿಂದೆ ಈ ಹೆಣ್ಣುಮಗಳ ದುಡಿಮೆ ದೊಡ್ಡದು.

ರೋಗಿಯ ಒಪ್ಪಿಗೆಯ ವಿಚಾರದಲ್ಲಿ ಇಂದಿನ ನಿಯಮಗಳು ಆಗ ಇರಲಿಲ್ಲ. ಇವತ್ತಿನ ಅಳತೆಗೋಲಿನಲ್ಲಿ ಆ ಕಾಲದ ಸಂಗ್ರಹವೆಲ್ಲ ಸರಿಯೆನ್ನಲು ಆಗದು. ಅದನ್ನೂ ನೆನಪಿಡಬೇಕು.

1930ರ ದಶಕದಲ್ಲಿ ಕುಶಿಂಗ್ ಹಾರ್ವರ್ಡ್‌ನಿಂದ ಯೇಲ್‌ಗೆ ಮರಳಿದಾಗ ಸಂಗ್ರಹವೂ ಹಿಂದೆಯೇ ಬಂತು. ಅವರ ಕಾಲ ಮುಗಿದ ಮೇಲೆ ಅದರ ಗತಿ ನಮ್ಮ ಎಷ್ಟೋ ಹಳೆಯ ಕಡತಗಳ ಗತಿಯೇ ಆಯಿತು. ವೈದ್ಯ ವಿದ್ಯಾರ್ಥಿಗಳ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಧೂಳು ಹಿಡಿಯಿತು. ವಿದ್ಯಾರ್ಥಿಗಳು ರಾತ್ರಿ ಕದ್ದು ಇಳಿದು ಜಾಡಿಗಳನ್ನು ನೋಡಿಬರುವುದು ಒಂದು ಸಾಹಸದ ಆಟವೂ ಆಗಿತ್ತು. ಕೊನೆಗೆ ಅದರ ಬೆಲೆ ಅರಿವಾಗಿ, ಸ್ವಚ್ಛಗೊಳಿಸಿ, 2010ರಲ್ಲಿ ಯೇಲ್‌ನಲ್ಲಿ ಕುಶಿಂಗ್ ಸೆಂಟರ್ ತೆರೆಯಲಾಯಿತು.

ಮುಂದಿನ ತಿರುವು 2017ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ಯೇಲ್‌ನ ಸಂಶೋಧಕರು ಕುಶಿಂಗ್ ಅವರ ಹಳೆಯ ರೋಗಿಯೊಬ್ಬರ ದಾಖಲೆಯನ್ನು ಮತ್ತೆ ಓದಿದರು. ನೂರು ವರ್ಷಕ್ಕೂ ಹಿಂದೆ ಕುಶಿಂಗ್ ಶಸ್ತ್ರಚಿಕಿತ್ಸೆ ಮಾಡಿದ್ದ ರೋಗಿ. ಅಲ್ಲಿ ಬರೆದಿದ್ದ ಲಕ್ಷಣಗಳು ಕಾರ್ನಿ ಕಾಂಪ್ಲೆಕ್ಸ್‌ಗೆ ಹೊಂದುತ್ತಿದ್ದವು. ಉಳಿಸಿಟ್ಟಿದ್ದ ಅಂಗಾಂಶದಿಂದ ಡಿಎನ್‌ಎ ತೆಗೆದು ಓದಿದಾಗ ಪಿಆರ್‌ಕೆಎಆರ್1ಎ ಜೀನ್‌ನಲ್ಲಿ ದೋಷ ಸಿಕ್ಕಿತು. ಹೆಸರಿಡುವುದಕ್ಕೆ ಏಳು ದಶಕ ಮೊದಲೇ ಕುಶಿಂಗ್ ಈ ಕಾಯಿಲೆಯ ರೋಗಿಯನ್ನು ಕಂಡಿದ್ದರು, ಆದರೆ ಅದು ಏನೆಂದು ಅವರಿಗೆ ತಿಳಿಯುವಂತಿರಲಿಲ್ಲ.

ಮಿನ್ನಿ ಜಿ. ಏನಾದಳು? 1990ರ ದಶಕದಲ್ಲಿ ಕಾರ್ನಿ ಅವರೇ ಅವಳ ಜಾಡು ಹಿಡಿದು ಹೊರಟರು. ಅವಳು 1958ರವರೆಗೆ, ಅಂದರೆ ಕುಶಿಂಗ್ ತೀರಿಕೊಂಡ ಮೇಲೂ ಸುಮಾರು ಎರಡು ದಶಕ ಬದುಕಿದ್ದಳು. ಅವಳ ಕಾಯಿಲೆಗೆ ಪಿಟ್ಯುಟರಿ ಅಲ್ಲ, ಅಡ್ರಿನಲ್ ಗ್ರಂಥಿಯೇ ಕಾರಣವಾಗಿರಬಹುದೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. ಕುಶಿಂಗ್ ಹೆಸರಿನ ಕಾಯಿಲೆಗೆ ಮಾದರಿಯಾದ ರೋಗಿಯಲ್ಲಿಯೇ ಕುಶಿಂಗ್ ಹೇಳಿದ ಕಾರಣ ಇತ್ತೆಂದು ಇಂದಿಗೂ ಯಾರೂ ಸಾಬೀತು ಮಾಡಿಲ್ಲ.

ಹಾಗಾದರೆ ಆ ರೀಲ್?

ಈ ಕಥೆಯಿಂದ ನಮ್ಮ ಫೋನಿಗೆ ಬರುವ ‘ಕಾರ್ಟಿಸಾಲ್ ಫೇಸ್’ ಸಂದೇಶಗಳಿಗೆ ಉತ್ತರ ಸಿಗುತ್ತದೆ.

ಒಂದು: ಬೆಳಿಗ್ಗೆ ಮುಖ ಊದಿಕೊಳ್ಳುವುದಕ್ಕೆ ಹಿಂದಿನ ರಾತ್ರಿಯ ಉಪ್ಪು, ನಿದ್ದೆ, ಅಲರ್ಜಿ ಹೀಗೆ ಹತ್ತು ಕಾರಣ ಇರಬಹುದು. ಮುಖ ನೋಡಿ ಕಾರ್ಟಿಸಾಲ್ ಅಳೆಯಲು ಆಗುವುದಿಲ್ಲ. ಅದಕ್ಕೆ ಮಧ್ಯರಾತ್ರಿಯ ಹೊತ್ತಿನ ಜೊಲ್ಲು, 24 ಗಂಟೆಯ ಮೂತ್ರ, ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟು ಮಾಡುವ ರಕ್ತಪರೀಕ್ಷೆ ಇವೆ. ಯಾವ ಪಾನೀಯವೂ ಪಿಟ್ಯುಟರಿ ಗಡ್ಡೆ ಕರಗಿಸುವುದಿಲ್ಲ, ಜೀನ್ ತಿದ್ದುವುದಿಲ್ಲ.

ಎರಡು: ಕುಶಿಂಗ್ ಸಿಂಡ್ರೋಮ್‌ಗೆ ಅತಿ ಸಾಮಾನ್ಯ ಕಾರಣ ಗಡ್ಡೆಯೂ ಅಲ್ಲ, ಜೀನೂ ಅಲ್ಲ. ನಾವೇ ತೆಗೆದುಕೊಳ್ಳುವ ಸ್ಟೀರಾಯ್ಡ್. ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಇವೆಲ್ಲ ಕಾರ್ಟಿಸಾಲ್‌ನ ಹತ್ತಿರದ ಸಂಬಂಧಿಗಳು. ವೈದ್ಯರ ಲೆಕ್ಕದಲ್ಲಿ ಕೊಟ್ಟಾಗ ಜೀವ ಉಳಿಸುವ ಔಷಧ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುವ ಮಾತ್ರೆ, ಏನು ಬೆರೆಸಿದ್ದಾರೆಂದು ಬರೆಯದ ಮಂಡಿನೋವಿನ ಪುಡಿ, ಮುಖ ಬೆಳ್ಳಗಾಗಲು ಹಚ್ಚುವ ಸ್ಟೀರಾಯ್ಡ್ ಕ್ರೀಮ್ ಇವು ಅಪಾಯ. ನೋವು ಮಂತ್ರ ಹಾಕಿದಂತೆ ಮಾಯವಾಯಿತು, ಅಜ್ಜಿ ತಿಂಗಳಲ್ಲಿ ಮೈಕೈ ತುಂಬಿಕೊಂಡರು ಎಂದು ಖುಷಿಪಡುವ ಮೊದಲು ಆ ಪುಡಿಯಲ್ಲಿ ಏನಿದೆ ಎಂದು ಕೇಳಿ.

ಮೂರು, ಇದು ಬಹಳ ಮುಖ್ಯ: ಇದನ್ನು ಓದಿ ಹೆದರಿ ಸ್ಟೀರಾಯ್ಡ್ ಅನ್ನು ಏಕಾಏಕಿ ನಿಲ್ಲಿಸಬೇಡಿ. ಹೊರಗಿನಿಂದ ಬಹಳ ಕಾಲ ಸ್ಟೀರಾಯ್ಡ್ ಬಂದಾಗ ನಮ್ಮ ಅಡ್ರಿನಲ್ ಗ್ರಂಥಿ ಮಲಗಿಬಿಟ್ಟಿರುತ್ತದೆ. ದಿಢೀರನೆ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಸಂಚಕಾರ. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ನಾಲ್ಕು: ಅಗಲವಾದ ನೇರಳೆ ಗೆರೆಗಳು, ಸುಮ್ಮನೆ ತಾಗಿದರೂ ಕಂದುವ ಚರ್ಮ, ಕುಳಿತಲ್ಲಿಂದ ಏಳಲಾಗದಷ್ಟು ತೊಡೆಯ ಸುಸ್ತು, ಹೊಸದಾಗಿ ಬಂದ ಬಿಪಿ ಮತ್ತು ಶುಗರ್ ಇವು ಒಟ್ಟಿಗೆ ಕಂಡರೆ ಹಾರ್ಮೋನು ತಜ್ಞರನ್ನು ಕಾಣಿ. ಮಕ್ಕಳಲ್ಲಿ ತೂಕ ಏರುತ್ತಿದ್ದು ಎತ್ತರ ನಿಂತುಹೋದರೆ ತಡಮಾಡಬೇಡಿ. ಕಾರ್ನಿ ಕಾಂಪ್ಲೆಕ್ಸ್ ಬಹಳ ಅಪರೂಪ, ಮುಖದ ಮೇಲೆ ನಾಲ್ಕು ಚುಕ್ಕೆ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಇದು ಖಚಿತವಾಗಿದ್ದರೆ ಉಳಿದವರ ಜೀನ್ ಪರೀಕ್ಷೆ ಮತ್ತು ಹೃದಯದ ಎಕೋ ಪರೀಕ್ಷೆಯನ್ನು ಮುಂದೂಡಬಾರದು. ಹೃದಯದ ಆ ಮೆತ್ತನೆಯ ಗಡ್ಡೆಯ ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು. ಮೊದಲೇ ಕಂಡರೆ ತೆಗೆಯಬಹುದು.

ಇನ್ನೊಂದು ಮಾತು. ನಿಮ್ಮ ಸುತ್ತಮುತ್ತ ಯಾರಾದರೂ ಕೆಲವೇ ತಿಂಗಳಲ್ಲಿ ಗುರುತು ಸಿಗದಷ್ಟು ಬದಲಾಗಿದ್ದರೆ, ಜೋಕ್ ಮಾಡುವ ಮೊದಲು ಮಿನ್ನಿ ಜಿ.ಯನ್ನು ನೆನಪಿಸಿಕೊಳ್ಳಿ. ಅವಳ ಹೊಟ್ಟೆಬಾಕತನವನ್ನು ಹುಡುಕುವ ಬದಲು ಅವಳು ಹೇಳಿದ್ದನ್ನೆಲ್ಲ ಒಬ್ಬ ವೈದ್ಯರು ಕೂತು ಬರೆದುಕೊಂಡರು. ಪೂರ್ತಿ ಅರ್ಥವಾಗದಿದ್ದರೂ ಬರೆದುಕೊಂಡರು. ಆ ಬರಹ, ಆ ಜಾಡಿಗಳು ಉಳಿದದ್ದರಿಂದಲೇ ನೂರು ವರ್ಷದ ಬಳಿಕ ಬೇರೆಯವರು ಅಲ್ಲಿಂದ ಮುಂದೆ ಓದಲು ಸಾಧ್ಯವಾಯಿತು.